ಆನ್ ಆಗದ ಡೆಸ್ಕ್‌ಟಾಪ್: ಮೊದಲು ಡಿಸ್ಕ್ ಹೊರಗೆ, ಆಮೇಲೆ ರಿಪೇರಿ

ಪವರ್ ಬಟನ್ ಒತ್ತಿದರೆ ಪ್ರೊಸೆಸರ್ ಮೇಲಿನ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಮುಂದಿನ ಲೈಟು ಒಮ್ಮೆ ಮಿಣುಕಿ ಆರುತ್ತದೆ. ಮತ್ತೆ ಒತ್ತಿದರೆ ಏನೂ ಇಲ್ಲ. ಗೋಡೆಯ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಅದೇ ಅರ್ಧ ಸುತ್ತು.

ರಿಪೇರಿಗೆ ಬಂದ ಯಂತ್ರದ ಕಥೆ ಇಷ್ಟು. ಒಳಗಿರುವುದು ನಾಲ್ಕು ಕೋರ್‌ನ ಹಳೆ ಪ್ರೊಸೆಸರ್, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, ವಿಂಡೋಸ್ 10 ಕೂತಿರುವ ಸಣ್ಣ ಎಸ್‌ಎಸ್‌ಡಿ, ಫೋಟೋ, ವಿಡಿಯೋ, ಲೆಕ್ಕಪತ್ರಗಳೆಲ್ಲ ತುಂಬಿದ 1 ಟಿಬಿ ಹಾರ್ಡ್ ಡಿಸ್ಕ್. ಬೇರೆಲ್ಲಾದರೂ ಇನ್ನೊಂದು ಕಾಪಿ ಇದೆಯಾ ಅಂತ ಕೇಳಿದ್ದಕ್ಕೆ ಮಾಲೀಕರು, "ಎಲ್ಲಾ ಡಿ ಡ್ರೈವ್‌ನಲ್ಲೇ ಇದೆಯಲ್ಲ" ಅಂದರು. ಅಲ್ಲಿಗೆ ಕೆಲಸದ ಕ್ರಮ ತೀರ್ಮಾನವಾಯಿತು. ಮೊದಲು ಡೇಟಾ, ಯಂತ್ರ ಆಮೇಲೆ.

ಇನ್ನೂ ಎರಡು ವಿಷಯ ಅವರ ಮಾತಿನಲ್ಲಿ ಸಿಕ್ಕಿತು. ಕೆಲವು ವಾರಗಳಿಂದ ಬಟನ್ ಎರಡು ಮೂರು ಸಲ ಒತ್ತಿದ ಮೇಲೆ ಆನ್ ಆಗುತ್ತಿತ್ತಂತೆ, ನಡುವೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿತ್ತಂತೆ. ಇತ್ತೀಚೆಗೆ ಹಾಕಿದ ಫೋಟೋಗಳ ಫೋಲ್ಡರ್ ತೆರೆಯಲು ಹೋದರೆ ಎಲ್ಲಾ ಸ್ತಬ್ಧವಾಗಿ ನಿಂತುಬಿಡುತ್ತಿತ್ತಂತೆ. ಮೊದಲನೆಯದು ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟೇಜ್‌ಗೆ ಇಳಿಸಿಕೊಡುವ ಪೆಟ್ಟಿಗೆ) ಕಡೆ ಬೆರಳು ತೋರಿಸುತ್ತದೆ, ಎರಡನೆಯದು ಡಿಸ್ಕ್ ಕಡೆ. ಎರಡಕ್ಕೂ ಸಂಬಂಧ ಇರಬಹುದು ಅನ್ನುವ ಅನುಮಾನ ಆಗಲೇ ಇತ್ತು, ಆದರೆ ಅದು ಖಚಿತವಾದದ್ದು ಕೊನೆಯಲ್ಲಿ.

"ಕಂಪ್ಯೂಟರ್ ಆನ್ ಆಗ್ತಿಲ್ಲ" ಅಂತ ಯಾರಾದರೂ ಹೇಳಿದರೆ ಅದಕ್ಕೆ ಕನಿಷ್ಠ ನಾಲ್ಕು ಅರ್ಥ ಇರುತ್ತದೆ. ಯಾವ ಜೀವವೂ ಇಲ್ಲ, ಲೈಟು ಫ್ಯಾನು ಎರಡೂ ಇಲ್ಲ ಅಂದರೆ ವಿದ್ಯುತ್ ಬರುವ ದಾರಿಯನ್ನೇ ನೋಡಬೇಕು. ಫ್ಯಾನ್ ತಿರುಗುತ್ತದೆ, ಡಿಸ್ಪ್ಲೇ ಬರುವುದಿಲ್ಲ ಅಂದರೆ ರ‍್ಯಾಮ್, ಗ್ರಾಫಿಕ್ಸ್, ಪ್ರೊಸೆಸರ್‌ಗೆ ಹೋಗುವ ಪ್ರತ್ಯೇಕ ಪವರ್ ಕನೆಕ್ಟರ್. ಕಂಪನಿಯ ಲೋಗೋ ಬಂದು ಅಲ್ಲೇ ನಿಂತರೆ ಬಯಾಸ್ (ವಿಂಡೋಸ್‌ಗೂ ಮೊದಲು ಏಳುವ, ಮದರ್‌ಬೋರ್ಡಿನೊಳಗಿನ ಪ್ರೋಗ್ರಾಂ) ಯಾವುದೋ ಸಾಧನಕ್ಕೆ ಕಾಯುತ್ತಿದೆ, ಹೆಚ್ಚಾಗಿ ಅದು ಡಿಸ್ಕ್. ವಿಂಡೋಸ್ ಶುರುವಾಗಿ ಸುತ್ತುತ್ತಾ ಕೂತರೆ ಹಾರ್ಡ್‌ವೇರ್ ಬಹುಮಟ್ಟಿಗೆ ಸರಿ ಇದೆ. ನಮ್ಮದು ಇವುಗಳ ನಡುವೆ ಬೀಳುವ ಐದನೆಯ ಜಾತಿ: ಒಮ್ಮೆ ಎದ್ದು ತಕ್ಷಣ ಬೀಳುವುದು. ಎಸ್‌ಎಂಪಿಎಸ್ ತನ್ನ ರಕ್ಷಣೆಗಾಗಿ ತಾನೇ ಬಂದ್ ಆದಾಗ ಹೀಗೆ ಆಗುತ್ತದೆ. ಅದು ತಾನೇ ಕೆಟ್ಟಿರಬಹುದು, ಅಥವಾ ಮುಂದೆ ಎಲ್ಲೋ ಶಾರ್ಟ್ ಆಗಿರುವುದನ್ನು ಕಂಡು ನಿಂತಿರಬಹುದು.

ಡಿಸ್ಕ್ ಬಿಚ್ಚಿದ್ದು

ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಇಳಿಸಿ, ಬರಿಗೈಯಿಂದ ಕ್ಯಾಬಿನೆಟ್ಟಿನ ಬಣ್ಣ ಹಚ್ಚದ ಲೋಹ ಮುಟ್ಟಿದ ಮೇಲೆ ಒಳಗೆ ಕೈ ಹಾಕಿದೆ. ಹಾರ್ಡ್ ಡಿಸ್ಕ್‌ನ 15 ಪಿನ್‌ನ ಪವರ್ ಕನೆಕ್ಟರ್, 7 ಪಿನ್‌ನ ಡೇಟಾ ಕೇಬಲ್ ಎರಡನ್ನೂ ಕಿತ್ತೆ. ಎಸ್‌ಎಸ್‌ಡಿಯನ್ನೂ ಹಾಗೆಯೇ. ಯಾವ ಕೇಬಲ್ ಮದರ್‌ಬೋರ್ಡಿನ ಯಾವ ಪೋರ್ಟಿನಲ್ಲಿತ್ತು ಅನ್ನುವುದಕ್ಕೆ ಒಂದು ಫೋಟೋ ತೆಗೆದುಕೊಂಡೆ.

ಇಷ್ಟು ಆತುರ ಯಾಕೆ ಅಂದರೆ, ಸಾಯುತ್ತಿರುವ ಎಸ್‌ಎಂಪಿಎಸ್ ಹೊರಗೆ ಎಂಥ ವೋಲ್ಟೇಜ್ ಕೊಡುತ್ತದೆ ಅಂತ ಹೇಳಲು ಬರುವುದಿಲ್ಲ. ಸುಮ್ಮನೆ ಕಡಿಮೆ ಕೊಟ್ಟರೆ ಪುಣ್ಯ. ಜಾಸ್ತಿ ಕೊಟ್ಟರೆ ಡಿಸ್ಕ್‌ನ ಸರ್ಕ್ಯೂಟ್ ಬೋರ್ಡ್ ಸುಡುತ್ತದೆ. "ಇನ್ನೊಂದ್ಸಲ ಒತ್ತಿ ನೋಡೋಣ" ಅನ್ನುವ ಪ್ರತಿ ಸಲವೂ ಡಿಸ್ಕ್‌ನ ಮೋಟಾರ್ ಏಳಲು ಹೋಗಿ ಬೀಳುತ್ತದೆ, ಓದಿ ಬರೆಯುವ ಹೆಡ್ ಹೊರಗೆ ಬಂದು ಅವಸರದಲ್ಲಿ ವಾಪಸ್ ಹೋಗುತ್ತದೆ. ಮದರ್‌ಬೋರ್ಡ್ ಸುಟ್ಟರೆ ಇನ್ನೊಂದು ತರಬಹುದು. ಡಿಸ್ಕ್ ಟೇಬಲ್ ಮೇಲೆ ಬೇರೆಯಾಗಿ ಕೂತ ಮೇಲೆ ಉಳಿದದ್ದರ ಮೇಲೆ ಧೈರ್ಯವಾಗಿ ಪ್ರಯೋಗ ಮಾಡಬಹುದು.

ಎಸ್‌ಎಂಪಿಎಸ್

ಎಟಿಎಕ್ಸ್ ಮಾದರಿಯ ಎಸ್‌ಎಂಪಿಎಸ್‌ನಲ್ಲಿ ಕಂಪ್ಯೂಟರ್ ಆಫ್ ಇದ್ದಾಗಲೂ ಒಂದು ಲೈನ್ ಜೀವಂತವಾಗಿರುತ್ತದೆ. 24 ಪಿನ್ ಕನೆಕ್ಟರ್‌ನಲ್ಲಿ ನೇರಳೆ ವೈರ್, 5 ವೋಲ್ಟ್ ಸ್ಟ್ಯಾಂಡ್‌ಬೈ. ಪವರ್ ಬಟನ್ ಒತ್ತಿದ್ದನ್ನು ಗಮನಿಸುವ ಭಾಗಕ್ಕೆ ಊಟ ಹಾಕುವುದು ಇದೇ. ಮದರ್‌ಬೋರ್ಡ್ ಹಸಿರು ವೈರನ್ನು ಗ್ರೌಂಡ್‌ಗೆ ಎಳೆದಾಗ ಉಳಿದ ಲೈನ್‌ಗಳು ಏಳುತ್ತವೆ: ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3. ಎಲ್ಲಾ ನೆಟ್ಟಗಾದ ಮೇಲೆ ಬೂದು ವೈರಿನಲ್ಲಿ "ಪವರ್ ಗುಡ್" ಸಂಕೇತ ಬರುತ್ತದೆ. ಅದು ಬರುವ ತನಕ ಮದರ್‌ಬೋರ್ಡ್ ಪ್ರೊಸೆಸರನ್ನು ರೀಸೆಟ್‌ನಲ್ಲೇ ಹಿಡಿದಿಟ್ಟಿರುತ್ತದೆ. (ಹೊಸ ಎಸ್‌ಎಂಪಿಎಸ್ ಹಲವದರಲ್ಲಿ ಎಲ್ಲಾ ವೈರೂ ಕಪ್ಪು. ಆಗ ಬಣ್ಣ ಬಿಟ್ಟು ಪಿನ್ ಸಂಖ್ಯೆ ಎಣಿಸಬೇಕು: ಸ್ಟ್ಯಾಂಡ್‌ಬೈ 9ನೆಯದು, ಪವರ್ ಗುಡ್ 8ನೆಯದು, ಹಸಿರಿನ ಜಾಗ 16ನೆಯದು.)

ಮಲ್ಟಿಮೀಟರಿನ ಕಪ್ಪು ಕಡ್ಡಿ ಕ್ಯಾಬಿನೆಟ್ಟಿನ ಲೋಹಕ್ಕೆ, ಕೆಂಪು ಕಡ್ಡಿ ಕನೆಕ್ಟರಿನ ಬೆನ್ನಿನಿಂದ ನೇರಳೆ ವೈರಿನೊಳಗೆ. 4.31 ವೋಲ್ಟ್ ತೋರಿಸಿತು. ಶೇಕಡಾ 5ರ ಏರಿಳಿತಕ್ಕೆ ಅವಕಾಶ ಇದೆ, ಅಂದರೆ 4.75ರಿಂದ 5.25ರವರೆಗೆ ಸರಿ. ಇದು ಅದಕ್ಕಿಂತ ಬಹಳ ಕೆಳಗೆ.

ಇಷ್ಟಕ್ಕೇ ಎಸ್‌ಎಂಪಿಎಸ್ ಕೆಟ್ಟಿದೆ ಅಂತ ತೀರ್ಪು ಕೊಡುವಂತಿಲ್ಲ, ಯಾಕೆಂದರೆ ಮದರ್‌ಬೋರ್ಡಿನಲ್ಲಿ ಏನಾದರೂ ಶಾರ್ಟ್ ಆಗಿ ಈ ಲೈನನ್ನು ಕೆಳಗೆ ಎಳೆಯುತ್ತಿರಬಹುದು. ಬೇರ್ಪಡಿಸುವುದು ಸುಲಭ. 24 ಪಿನ್ ಕನೆಕ್ಟರ್, ಪ್ರೊಸೆಸರ್ ಹತ್ತಿರದ 12 ವೋಲ್ಟ್ ಕನೆಕ್ಟರ್ ಎರಡನ್ನೂ ಬೋರ್ಡಿನಿಂದ ಕಿತ್ತು ಮತ್ತೆ ಅಳೆದೆ. ಯಾವ ಭಾರವೂ ಇಲ್ಲದೆ 4.38. ಬೋರ್ಡ್ ನಿರ್ದೋಷಿ. ಒಂದು ವೇಳೆ ಬಿಡಿಯಾಗಿ 5 ಇದ್ದು ಬೋರ್ಡಿಗೆ ಸಿಕ್ಕಿಸಿದಾಗ ಮಾತ್ರ ಕುಸಿದಿದ್ದರೆ ಕಥೆ ಬೇರೆಯಾಗುತ್ತಿತ್ತು. ಇನ್ನೂ ಖಾತ್ರಿಗೆ, ಕೆಲಸಕ್ಕೆ ಬಾರದ ಒಂದು ಡಿವಿಡಿ ಡ್ರೈವನ್ನು ಭಾರಕ್ಕೆ ಅಂತ ಸಿಕ್ಕಿಸಿ, ಹಸಿರು ಪಿನ್ನಿಗೂ ಕಪ್ಪು ಪಿನ್ನಿಗೂ ನಡುವೆ ಸಣ್ಣ ವೈರ್ ತುಂಡು ಹಾಕಿದೆ. ಎಸ್‌ಎಂಪಿಎಸ್‌ನ ಫ್ಯಾನ್ ಒಮ್ಮೆ ಅದುರಿ ನಿಂತಿತು. ಅದೇ ಅರ್ಧ ಸುತ್ತು.

ಫ್ಯಾನ್ ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಮೂಲೆಯಲ್ಲಿ ಎರಡು ಕಪಾಸಿಟರ್‌ಗಳ (ಚಾರ್ಜ್ ಹಿಡಿದಿಟ್ಟುಕೊಳ್ಳುವ ಪುಟ್ಟ ಡಬ್ಬಿಗಳು) ತಲೆ ಉಬ್ಬಿದೆ. ಒಂದರ ಮೇಲಿನ ಅಡ್ಡಗೀಟು ಬಿರಿದು ಕಂದು ಬಣ್ಣದ ಪುಡಿ ಕಟ್ಟಿಕೊಂಡಿದೆ. ಎಲೆಕ್ಟ್ರೊಲಿಟಿಕ್ ಕಪಾಸಿಟರ್‌ನೊಳಗಿನ ದ್ರವ ಬಿಸಿಗೆ ವರ್ಷಗಟ್ಟಲೆ ಒಣಗುತ್ತಾ ಹೋದಂತೆ ಅದರ ಒಳ ಪ್ರತಿರೋಧ ಏರುತ್ತದೆ, ಏರಿದಷ್ಟೂ ಇನ್ನೂ ಬಿಸಿಯಾಗುತ್ತದೆ. ಸ್ಟ್ಯಾಂಡ್‌ಬೈ ಭಾಗ ಕಂಪ್ಯೂಟರ್ ಆಫ್ ಇದ್ದಾಗಲೂ ದಿನವಿಡೀ ದುಡಿಯುವುದರಿಂದ ಮೊದಲು ಸೋಲುವುದು ಹೆಚ್ಚಾಗಿ ಅದೇ.

ಕಪಾಸಿಟರ್ ಬದಲಿಸಬಹುದಲ್ಲ ಅಂತ ಕೇಳುವವರಿಗೆ: ಬದಲಿಸಬಹುದು, ನಾನು ಬದಲಿಸುವುದಿಲ್ಲ. ಎಸ್‌ಎಂಪಿಎಸ್ ಒಳಗಿನ ದೊಡ್ಡ ಕಪಾಸಿಟರ್ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗಿಂತ ಹೆಚ್ಚು ಹಿಡಿದಿಟ್ಟುಕೊಂಡಿರಬಲ್ಲದು. ಅದನ್ನು ಇಳಿಸುವ ಪದ್ಧತಿ ಗೊತ್ತಿರುವವರ ಕೆಲಸ ಅದು. ಅಷ್ಟೆಲ್ಲ ಮಾಡಿದ ಮೇಲೂ ಉಳಿದ ಕಪಾಸಿಟರ್‌ಗಳಿಗೆ ಅಷ್ಟೇ ವಯಸ್ಸಾಗಿರುತ್ತದೆ.

ಇನ್ನೊಂದು ಮಾತು. ಮಲ್ಟಿಮೀಟರ್ ಸರಿಯಾದ ಅಂಕಿ ತೋರಿಸಿದ ಮಾತ್ರಕ್ಕೆ ಎಸ್‌ಎಂಪಿಎಸ್ ಸರಿ ಇದೆ ಅಂತಲ್ಲ. ಅದು ತೋರಿಸುವುದು ಸರಾಸರಿ. ಒಳಗಿನ ಏರಿಳಿತ, ರಿಪಲ್ ಅನ್ನುತ್ತಾರಲ್ಲ, ಅದು 12 ವೋಲ್ಟ್ ಲೈನಿನಲ್ಲಿ 120 ಮಿಲಿವೋಲ್ಟ್, 5 ವೋಲ್ಟ್‌ನಲ್ಲಿ 50 ಮಿಲಿವೋಲ್ಟ್ ದಾಟಬಾರದು. ಆಸಿಲೋಸ್ಕೋಪ್ ಇಲ್ಲದೆ ಅದು ಕಾಣುವುದಿಲ್ಲ. ಹಾಗಾಗಿ ಅನುಮಾನ ಇದ್ದಲ್ಲಿ ಚೆನ್ನಾಗಿದೆ ಅಂತ ಗೊತ್ತಿರುವ ಇನ್ನೊಂದನ್ನು ಹಾಕಿ ನೋಡುವುದೇ ಎಲ್ಲಕ್ಕಿಂತ ನಂಬಿಕಸ್ತ ಪರೀಕ್ಷೆ.

ಬೋರ್ಡ್ ಎಬ್ಬಿಸಿದ್ದು

ಬೇರೆ ಎಸ್‌ಎಂಪಿಎಸ್ ತಂದು ಮೊದಲು ಅದನ್ನೇ ಅಳೆದೆ, ಸ್ಟ್ಯಾಂಡ್‌ಬೈ 5.06. ಡಿಸ್ಕ್‌ಗಳಿಲ್ಲದೆ, ಒಂದೇ ರ‍್ಯಾಮ್ ಬಿಟ್ಟು, ಗ್ರಾಫಿಕ್ಸ್ ಕಾರ್ಡ್ ತೆಗೆದು ಬೋರ್ಡಿನ ಸ್ವಂತ ಡಿಸ್ಪ್ಲೇ ಪೋರ್ಟಿಗೆ ಮಾನಿಟರ್ ಹಾಕಿ ಬಟನ್ ಒತ್ತಿದೆ. ಫ್ಯಾನ್ ತಿರುಗಿತು, ನಿಲ್ಲಲಿಲ್ಲ. ಡಿಸ್ಪ್ಲೇ ಬರಲಿಲ್ಲ, ಬೋರ್ಡಿನ ಪುಟಾಣಿ ಸ್ಪೀಕರ್ ಉದ್ದುದ್ದ ಬೀಪ್ ಶುರು ಮಾಡಿತು. ಬೀಪ್‌ಗಳ ಅರ್ಥ ಬಯಾಸ್ ಮಾಡಿದ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆಯಾದರೂ, ಬಿಡದೆ ಬರುವ ಉದ್ದ ಬೀಪ್‌ಗೆ ನಾನು ಮೊದಲು ಕೈ ಹಾಕುವುದು ರ‍್ಯಾಮ್‌ಗೆ. ತೆಗೆದು ನೋಡಿದರೆ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು ಕಟ್ಟಿದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎರಡು ಕಡೆಯ ಕ್ಲಿಪ್ಪೂ ಟಕ್ ಅನ್ನುವ ತನಕ ಒತ್ತಿ ಕೂರಿಸಿದೆ. ಲೋಗೋ ಬಂತು.

ಲೋಗೋ ಜೊತೆಗೆ ದೂರು ಕೂಡ ಬಂತು: ಸೆಟ್ಟಿಂಗ್‌ಗಳು ಅಳಿಸಿಹೋಗಿವೆ, ದಿನಾಂಕ ಸರಿಯಿಲ್ಲ. ಬೋರ್ಡ್ ಮೇಲಿನ ಸಿಆರ್2032 ಸೆಲ್ 2.4 ವೋಲ್ಟ್‌ಗೆ ಇಳಿದಿತ್ತು, ಅದರ ಹುಟ್ಟಿನ ಲೆಕ್ಕ 3 ವೋಲ್ಟ್. ಹೊಸದು ಹಾಕಿ ಬಯಾಸ್‌ನಲ್ಲಿ ತಾರೀಖು ಸರಿ ಮಾಡಿದೆ. ಇಲ್ಲೊಂದು ಹಳ್ಳ ಇದೆ. ಸೆಲ್ ಸತ್ತು ಸೆಟ್ಟಿಂಗ್ ಅಳಿಸಿದಾಗ ಡಿಸ್ಕ್ ಸಿಕ್ಕಿಸುವ ಸಾಟಾ ಪೋರ್ಟ್‌ಗಳ ಮೋಡ್ ಕೂಡ ಬದಲಾಗಿರಬಹುದು. ಎಎಚ್‌ಸಿಐ ಇದ್ದದ್ದು ಐಡಿಇ ಅಥವಾ ರೇಡ್ ಆಗಿಬಿಟ್ಟರೆ ವಿಂಡೋಸ್ ತನ್ನ ಬೂಟ್ ಡಿಸ್ಕ್ ಸಿಗುತ್ತಿಲ್ಲ ಅಂತ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗುತ್ತಲೇ ಇರುತ್ತದೆ. ಏನೂ ಆಗದ ಡಿಸ್ಕನ್ನು ಕೆಟ್ಟಿದೆ ಅಂದುಕೊಂಡು ಫಾರ್ಮ್ಯಾಟ್ ಮಾಡುವವರು ಇದ್ದಾರೆ. ನಮ್ಮ ಬೋರ್ಡಿನಲ್ಲಿ ಐಡಿಇಗೆ ಬಿದ್ದಿತ್ತು, ಎಎಚ್‌ಸಿಐಗೆ ತಂದೆ.

ಬಿಟ್‌ಲಾಕರ್ (ಡಿಸ್ಕ್‌ನಲ್ಲಿರುವುದನ್ನು ಗೂಢಲಿಪಿಗೆ ತಿರುಗಿಸುವ ವಿಂಡೋಸ್‌ನ ಬೀಗ) ಹಾಕಿರುವ ಯಂತ್ರವಾದರೆ ಬಯಾಸ್ ಮುಟ್ಟುವ ಮೊದಲೇ, ಡಿಸ್ಕ್ ಬೇರೆ ಕಂಪ್ಯೂಟರಿಗೆ ಹಾಕುವ ಮೊದಲೇ, 48 ಅಂಕಿಯ ರಿಕವರಿ ಕೀ ಎಲ್ಲಿದೆ ಅಂತ ಹುಡುಕಿ ಇಟ್ಟುಕೊಳ್ಳಬೇಕು. ಅದಿಲ್ಲದಿದ್ದರೆ ಡಿಸ್ಕ್ ಎಷ್ಟೇ ಆರೋಗ್ಯವಾಗಿದ್ದರೂ ಒಳಗಿನದ್ದು ಬರೀ ಕಲಸುಮೇಲೋಗರ. ಮಾಲೀಕರ ನೆನಪಿನ ಪ್ರಕಾರ ಇದರಲ್ಲಿ ಹಾಕಿರಲಿಲ್ಲ. ಆಮೇಲೆ ನೋಡಿದಾಗಲೂ ಇರಲಿಲ್ಲ.

ಡಿಸ್ಕ್ ಏನು ಹೇಳುತ್ತದೆ

ಯಂತ್ರ ಈಗ ಆನ್ ಆಗುತ್ತದೆ. ಇಲ್ಲಿ ಕೈ ತುರಿಸುತ್ತದೆ: ಎಲ್ಲಾ ಸಿಕ್ಕಿಸಿ ವಿಂಡೋಸ್ ಬೂಟ್ ಮಾಡಿಬಿಡೋಣ ಅಂತ. ಸ್ತಬ್ಧವಾಗುತ್ತಿದ್ದ ಹಾರ್ಡ್ ಡಿಸ್ಕ್ ಇರುವಾಗ ಅದು ಬೇಡ. ವಿಂಡೋಸ್ ಎದ್ದ ಕೂಡಲೇ ಡಿಸ್ಕ್ ಮೇಲೆ ಬರೆಯಲು ಶುರು ಮಾಡುತ್ತದೆ. ಹಿಂದಿನ ಸಲ ಸರಿಯಾಗಿ ಮುಚ್ಚಿಲ್ಲ ಅಂತ ಕಂಡರೆ ಚೆಕ್ ಡಿಸ್ಕ್ ಓಡಿಸಲು ಹೊರಡುತ್ತದೆ. ಚೆಕ್ ಡಿಸ್ಕ್‌ನ ಕೆಲಸ ಫೈಲ್ ಸಿಸ್ಟಮ್ ಲೆಕ್ಕ ಸರಿ ಮಾಡುವುದು. ಲೆಕ್ಕ ಕೂಡದ ಕಡತವನ್ನು ತುಂಡು ಮಾಡಿ ಪಕ್ಕಕ್ಕೆ ಎಸೆಯಲು ಅದು ಹಿಂದೆಮುಂದೆ ನೋಡುವುದಿಲ್ಲ. ಓದಲು ಕಷ್ಟಪಡುವ ಡಿಸ್ಕ್ ಮೇಲೆ ಅದನ್ನು ಓಡಿಸುವುದು ಮೈ ಹುಷಾರಿಲ್ಲದವರನ್ನು ಎಬ್ಬಿಸಿ ಓಡುವ ಪಂದ್ಯಕ್ಕೆ ನಿಲ್ಲಿಸಿದ ಹಾಗೆ.

ಡಿಸ್ಕ್‌ಗಳನ್ನು ತಾನಾಗಿ ಮೌಂಟ್ ಮಾಡದಂತೆ (ಅಂದರೆ ತೆರೆದು ಬಳಕೆಗೆ ತರದಂತೆ) ಮೊದಲೇ ಸೆಟ್ ಮಾಡಿದ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡುವ ಆಪರೇಟಿಂಗ್ ಸಿಸ್ಟಮ್) ಪೆನ್‌ಡ್ರೈವ್ ಸಿಕ್ಕಿಸಿ, ಯಂತ್ರ ಆಫ್ ಇರುವಾಗಲೇ ಹಾರ್ಡ್ ಡಿಸ್ಕ್ ಜೋಡಿಸಿದೆ. ಕಿವಿ ಹತ್ತಿರ ಇಟ್ಟು ಆನ್ ಮಾಡಿದೆ. ಮೋಟಾರ್ ಸಲೀಸಾಗಿ ಎದ್ದಿತು, ಹೆಡ್ ಒಮ್ಮೆ ಗುರುಗುಟ್ಟಿ ಸುಮ್ಮನಾಯಿತು.

ಇಲ್ಲಿ ಟಕ್, ಟಕ್, ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬಂದಿದ್ದರೆ ನನ್ನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಅದು ಹೆಡ್ ತನ್ನ ಜಾಗ ಹುಡುಕಿ ಸಿಗದೆ ಮತ್ತೆ ಮತ್ತೆ ವಾಪಸ್ ಬರುವ ಸದ್ದು. ಹೆಡ್‌ಗೂ ಡೇಟಾ ಇರುವ ತಟ್ಟೆಯಾದ ಪ್ಲ್ಯಾಟರ್‌ಗೂ ನಡುವೆ ಕೆಲವೇ ನ್ಯಾನೊಮೀಟರ್ ಅಂತರ. ಹಾಳಾದ ಹೆಡ್ ಮೇಲ್ಮೈಯನ್ನೇ ಕೆರೆಯಬಹುದು. ತಕ್ಷಣ ಆಫ್ ಮಾಡಿ, ಧೂಳಿಲ್ಲದ ಕೋಣೆಯಿರುವ ಡೇಟಾ ರಿಕವರಿ ಲ್ಯಾಬಿಗೆ ಕೊಡುವುದೊಂದೇ ದಾರಿ. ಡಿಸ್ಕನ್ನು ಫ್ರೀಜರಿನಲ್ಲಿಟ್ಟು ತೆಗೆಯುವ ಹಳೆ ಮದ್ದು ಇನ್ನೂ ಚಾಲ್ತಿಯಲ್ಲಿದೆ. ತಣ್ಣಗಾದ ಪ್ಲ್ಯಾಟರ್ ಮೇಲೆ ನೀರಿನ ಪಸೆ ಕಟ್ಟುವುದು ಬಿಟ್ಟರೆ ಅದರಿಂದ ಬೇರೇನೂ ಆಗುವುದಿಲ್ಲ.

ಸದ್ದೇ ಇಲ್ಲದೆ ಡಿಸ್ಕ್ ಪೂರ್ತಿ ಸತ್ತಂತಿದ್ದರೆ, ವಿಚಿತ್ರ ಅನ್ನಿಸಬಹುದು, ಅದು ಕೆಲವೊಮ್ಮೆ ಒಳ್ಳೆ ಸುದ್ದಿ. ಹಲವು ಡಿಸ್ಕ್‌ಗಳ ಬೋರ್ಡಿನಲ್ಲಿ 5 ಮತ್ತು 12 ವೋಲ್ಟ್ ಲೈನ್‌ಗಳಿಗೆ ಒಂದೊಂದು ಟಿವಿಎಸ್ ಡಯೋಡ್ ಇರುತ್ತದೆ. ವೋಲ್ಟೇಜ್ ಮಿತಿ ಮೀರಿದರೆ ಅದು ತಾನು ಶಾರ್ಟ್ ಆಗಿ ಉಳಿದದ್ದನ್ನು ಉಳಿಸುತ್ತದೆ. ಅಂಥ ಡಿಸ್ಕ್‌ನಲ್ಲಿ ಪ್ಲ್ಯಾಟರ್, ಹೆಡ್ ಎರಡೂ ಚೆನ್ನಾಗಿರುವ ಸಾಧ್ಯತೆ ಹೆಚ್ಚು. ಆದರೆ ಅದೇ ಮಾಡೆಲ್‌ನ ಇನ್ನೊಂದು ಡಿಸ್ಕ್‌ನಿಂದ ಬೋರ್ಡ್ ಬಿಚ್ಚಿ ಹಾಕಿದರೆ ಆಯಿತು ಅನ್ನುವುದು ಈಗಿನ ಡಿಸ್ಕ್‌ಗಳಲ್ಲಿ ನಡೆಯುವುದಿಲ್ಲ. ಆ ಡಿಸ್ಕ್‌ಗೇ ಮೀಸಲಾದ ಹೊಂದಾಣಿಕೆಯ ಅಂಕಿಗಳು ಬೋರ್ಡಿನ ರಾಮ್ (ROM, ಕರೆಂಟ್ ಹೋದರೂ ಅಳಿಯದ ನೆನಪು) ಚಿಪ್ಪಿನಲ್ಲಿರುತ್ತವೆ, ಆ ಚಿಪ್ಪನ್ನೂ ಬೆಸುಗೆ ಬಿಚ್ಚಿ ವರ್ಗಾಯಿಸಬೇಕು.

ನಮ್ಮ ಡಿಸ್ಕ್‌ಗೆ ಬರೋಣ. ಸ್ಮಾರ್ಟ್ ವಿವರ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ತೆಗೆದೆ. ಅದು ಉದ್ದನೆಯ ಪಟ್ಟಿ, ನಾನು ನೋಡುವುದು ನಾಲ್ಕೇ ಸಾಲು. 5ನೆಯದು, ಕೆಟ್ಟ ಸೆಕ್ಟರ್‌ಗಳಿಗೆ (ಡಿಸ್ಕ್ ಡೇಟಾ ಇಡುವ ಸಣ್ಣ ಖಾನೆಗಳು) ಬದಲಿ ಕೊಟ್ಟ ಲೆಕ್ಕ: 0. 197, ಓದಲು ಬಾರದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು: 48. 198, ತಪಾಸಣೆಯಲ್ಲೂ ಓದಲಾಗದವು: 48. 199, ಕೇಬಲ್ಲಿನಲ್ಲಿ ಆದ ತಪ್ಪುಗಳು: 0. ಕೊನೆಯದು ಏರಿದ್ದರೆ ಡಿಸ್ಕ್ ಬಿಟ್ಟು ಡೇಟಾ ಕೇಬಲ್ ಬದಲಿಸಿ ನೋಡಬೇಕಿತ್ತು. ಮೇಲ್ಗಡೆ ದೊಡ್ಡದಾಗಿ "ಆರೋಗ್ಯ: ಪಾಸ್" ಅಂತಲೂ ಬಂದಿತ್ತು. ಆ ಸಾಲನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

48 ಅನ್ನುವುದು ಎಂಟರ ಗುಣಕ. ಈ ಡಿಸ್ಕ್ ಹೊರಗೆ 512 ಬೈಟ್‌ನ ಸೆಕ್ಟರ್ ತೋರಿಸಿದರೂ ಒಳಗೆ 4096 ಬೈಟ್‌ಗಳ ತುಂಡುಗಳಲ್ಲಿ ಬರೆಯುತ್ತದೆ. ಒಂದು ತುಂಡು ಕೈಕೊಟ್ಟರೆ ಲೆಕ್ಕದಲ್ಲಿ ಎಂಟು ಕಾಣುತ್ತದೆ. ಹಾಗಾದರೆ ನಿಜವಾಗಿ ಕೆಟ್ಟಿರುವುದು ಆರೇ ಜಾಗ. ಬದಲಿ ಕೊಟ್ಟದ್ದು ಸೊನ್ನೆ, ಕಾದಿರುವುದು ಮಾತ್ರ ಇದೆ ಅನ್ನುವುದು ಕುತೂಹಲದ ಸಂಗತಿ. ಮೇಲ್ಮೈ ಹಾಳಾಗುತ್ತಿರುವ ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಎರಡೂ ಏರುತ್ತಾ ಹೋಗುತ್ತವೆ.

ಇಮೇಜ್ ತೆಗೆದದ್ದು

ಇಂಥ ಡಿಸ್ಕ್‌ನಿಂದ ಫೋಲ್ಡರ್ ಎಳೆದು ಕಾಪಿ ಮಾಡಲು ಹೋಗಬಾರದು. ಕೆಟ್ಟ ಸೆಕ್ಟರ್ ಸಿಕ್ಕಲ್ಲಿ ಡಿಸ್ಕ್ ತಾನೇ ಹಲವು ಸೆಕೆಂಡ್ ತಿಣುಕುತ್ತದೆ, ಅದರ ಮೇಲೆ ಆಪರೇಟಿಂಗ್ ಸಿಸ್ಟಮ್ ಮತ್ತೆ ಮತ್ತೆ ಕೇಳುತ್ತದೆ, ಒಂದು ಫೋಟೋಗಾಗಿ ಸಾವಿರ ಫೋಟೋ ಕಾಯುತ್ತವೆ. ನಾನು ಬಳಸುವುದು ಗ್ನೂ ಡಿಡಿರೆಸ್ಕ್ಯೂ. ಇಡೀ ಡಿಸ್ಕನ್ನು ಒಂದು ತುದಿಯಿಂದ ಓದುತ್ತಾ ಹೋಗಿ, ತೊಂದರೆ ಕಂಡಲ್ಲಿ ಹಾರಿ ಮುಂದೆ ಹೋಗುತ್ತದೆ. ಸುಲಭವಾಗಿ ಬರುವುದನ್ನೆಲ್ಲ ಮೊದಲು ಬಾಚಿಕೊಂಡು, ಬಿಟ್ಟು ಬಂದ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲೆಲ್ಲಿ ಏನಾಯಿತು ಅನ್ನುವುದನ್ನು ಮ್ಯಾಪ್ ಫೈಲ್ ಅನ್ನುವ ಕಡತದಲ್ಲಿ ಬರೆದಿಡುವುದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಮ್ಯಾಪ್ ಫೈಲ್ ಕೊಡದೆ ಇದನ್ನು ಓಡಿಸುವುದರಲ್ಲಿ ಅರ್ಥವಿಲ್ಲ.

ಇಮೇಜ್ (ಇಡೀ ಡಿಸ್ಕ್‌ನ ಪಡಿಯಚ್ಚು ಇರುವ ಒಂದೇ ಕಡತ) ಇಡಲು 2 ಟಿಬಿಯ ಒಳ್ಳೆಯ ಡಿಸ್ಕ್ ಜೋಡಿಸಿದೆ. ಅದು ಫ್ಯಾಟ್32 ಆಗಿರಬಾರದು, ಅದರಲ್ಲಿ 4 ಜಿಬಿ ಮೀರಿದ ಕಡತ ನಿಲ್ಲುವುದಿಲ್ಲ. ಮೂಲ ಯಾವುದು, ಗುರಿ ಯಾವುದು ಅನ್ನುವುದನ್ನು ಡಿಸ್ಕ್ ಮೇಲಿನ ಸೀರಿಯಲ್ ನಂಬರ್ ಜೊತೆ ತಾಳೆ ನೋಡಿದ ಮೇಲೆಯೇ ಎಂಟರ್ ಒತ್ತುವುದು. ಲಿನಕ್ಸ್‌ನಲ್ಲಿ ಡಿಸ್ಕ್‌ಗಳ ಹೆಸರು ಬೂಟ್‌ನಿಂದ ಬೂಟ್‌ಗೆ ಅದಲು ಬದಲಾಗಬಹುದು. ಎರಡು ಹೆಸರು ಹಿಂದುಮುಂದಾದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕ್ ಮೇಲೆ ಕಾಪಿ ಆಗುತ್ತದೆ, ಅದಕ್ಕೆ ಮದ್ದಿಲ್ಲ.

ಮೊದಲು ಎಸ್‌ಎಸ್‌ಡಿಯ ಇಮೇಜ್. ಯಾವ ತಕರಾರೂ ಇಲ್ಲದೆ ಮುಗಿಯಿತು.

ಹಾರ್ಡ್ ಡಿಸ್ಕ್‌ಗೆ ಮೊದಲ ಸುತ್ತಿನಲ್ಲಿ ಸೆಕ್ಟರ್ ಸೆಕ್ಟರ್ ಕೆರೆಯುವ ಹಂತ ಬೇಡ ಅನ್ನುವ ಆಯ್ಕೆ ಕೊಟ್ಟೆ. ಸೆಕೆಂಡಿಗೆ 140 ಎಂಬಿ ವೇಗದಲ್ಲಿ ಶುರುವಾಯಿತು. ಪ್ಲ್ಯಾಟರಿನ ಹೊರಸುತ್ತಿನಲ್ಲಿ ಒಂದು ಸುತ್ತಿಗೆ ಹೆಚ್ಚು ಡೇಟಾ ಹಿಡಿಯುವುದರಿಂದ ಶುರುವಿನಲ್ಲಿ ವೇಗ ಹೆಚ್ಚು, ಒಳಕ್ಕೆ ಹೋದಂತೆ ಅರ್ಧಕ್ಕೆ ಇಳಿಯುತ್ತದೆ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ಗಾಬರಿಯಾಗಬೇಕಾದದ್ದು ವೇಗ ಇದ್ದಕ್ಕಿದ್ದಂತೆ ಸೊನ್ನೆಗೆ ಬಿದ್ದಾಗ. ಡಿಸ್ಕ್‌ನ ನಡುಭಾಗದಲ್ಲಿ ಹಾಗೆ ಆಯಿತು. ಒಂದು ಸಣ್ಣ ಕರ್ ಅನ್ನುವ ಸದ್ದು, ಅಂಕಿ ನಿಂತಿತು, ಡಿಡಿರೆಸ್ಕ್ಯೂ ಹಾರಿ ಮುಂದೆ ಹೋಯಿತು, ಮತ್ತೆ ವೇಗ ಏರಿತು. ಉದ್ದಕ್ಕೂ ಡಿಸ್ಕ್ ಮೇಲೆ ಒಂದು ಟೇಬಲ್ ಫ್ಯಾನ್ ತಿರುಗಿಸಿ ಇಟ್ಟಿದ್ದೆ. ಗಂಟೆಗಟ್ಟಲೆ ನಿರಂತರ ಓದುವಾಗ ಡಿಸ್ಕ್ ಚೆನ್ನಾಗಿಯೇ ಬಿಸಿಯಾಗುತ್ತದೆ.

ಎರಡನೆಯ ಸುತ್ತಿನಲ್ಲಿ ಬಿಟ್ಟ ಜಾಗಗಳನ್ನು ಕೆರೆಯಲು, ಆಮೇಲೆ ಮೂರು ಸಲ ಮರುಪ್ರಯತ್ನ ಮಾಡಲು ಹೇಳಿದೆ. ಕೊನೆಗೆ ಉಳಿದದ್ದು 24,576 ಬೈಟ್. ಆರು ತುಂಡು, ಒಂದೊಂದು 4096. ಸ್ಮಾರ್ಟ್ ಹೇಳಿದ್ದಕ್ಕೂ ಇದಕ್ಕೂ ಬೈಟಿಗೆ ಬೈಟ್ ತಾಳೆಯಾಯಿತು. ಒಂದು ಟಿಬಿಯಲ್ಲಿ ಹೋದದ್ದು ಇಷ್ಟು. ಮೂಲ ಡಿಸ್ಕ್ ಆಫ್ ಮಾಡಿ ಬಿಚ್ಚಿಟ್ಟೆ, ಮುಂದಿನ ಕೆಲಸವೆಲ್ಲ ಇಮೇಜ್ ಮೇಲೆ.

ಹೋದದ್ದು ಯಾವುದು

ಇಮೇಜನ್ನು ಓದಲು ಮಾತ್ರ ಅನ್ನುವ ರೀತಿಯಲ್ಲಿ ಮೌಂಟ್ ಮಾಡಿದರೆ ಎಲ್ಲಾ ಫೋಲ್ಡರ್ ಹೆಸರು ಸಮೇತ ಎದುರಿಗೆ ಬಂತು. ಬರೆಯುವ ಅನುಮತಿಯೊಂದಿಗೆ ಕೇಳಿದ್ದರೆ ಲಿನಕ್ಸ್ ಬಹುಶಃ ತಕರಾರು ಮಾಡುತ್ತಿತ್ತು. ವಿಂಡೋಸ್ 8ರಿಂದ ಈಚೆಗೆ ಇರುವ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ಶಟ್‌ಡೌನ್ ಅಂದರೂ ಅರ್ಧ ಹೈಬರ್ನೇಟ್ ಆಗಿರುತ್ತದೆ, ಡಿಸ್ಕ್ ಇನ್ನೂ ಬಳಕೆಯಲ್ಲಿದೆ ಅನ್ನುವ ಗುರುತು ಉಳಿದಿರುತ್ತದೆ.

ಪಾರ್ಟಿಶನ್ ಪಟ್ಟಿಯೇ ಹೋಗಿದ್ದರೆ ಟೆಸ್ಟ್‌ಡಿಸ್ಕ್ ಬಳಸಬೇಕಿತ್ತು. ಫೈಲ್ ಸಿಸ್ಟಮ್ ಚಿಂದಿಯಾಗಿದ್ದರೆ ಫೋಟೋರೆಕ್. ಅದು ಕಡತಗಳ ತಲೆಯಲ್ಲಿರುವ ಗುರುತು ನೋಡಿ ಹೆಕ್ಕುವುದರಿಂದ ಫೋಟೋ ಸಿಗುತ್ತದೆ, ಹೆಸರೂ ಫೋಲ್ಡರೂ ಸಿಗುವುದಿಲ್ಲ. ಎಸ್‌ಎಸ್‌ಡಿಯಲ್ಲಿ ಡಿಲೀಟ್ ಆದದ್ದಕ್ಕೆ ಇವೆರಡರ ಮೇಲೂ ಹೆಚ್ಚು ಆಸೆ ಇಡಬೇಡಿ. ಟ್ರಿಮ್ ಆದ, ಅಂದರೆ ಇನ್ನು ಬೇಡ ಅಂತ ಎಸ್‌ಎಸ್‌ಡಿಗೆ ತಿಳಿಸಿದ, ಜಾಗದಿಂದ ಮತ್ತೆ ಓದಿದರೆ ಬರುವುದು ಸಾಮಾನ್ಯವಾಗಿ ಬರೀ ಸೊನ್ನೆ. ಇಲ್ಲಿ ಯಾವುದೂ ಬೇಕಾಗಲಿಲ್ಲ.

ಆ ಆರು ತುಂಡು ಯಾವ ಕಡತದ ಹೊಟ್ಟೆಯಲ್ಲಿವೆ ಅಂತ ತಿಳಿಯಬೇಕಿತ್ತು. ಡಿಡಿರೆಸ್ಕ್ಯೂಗೆ ಫಿಲ್ ಮೋಡ್ ಅಂತ ಒಂದಿದೆ, ಹೆಚ್ಚು ಜನ ಬಳಸಿದ್ದನ್ನು ನೋಡಿಲ್ಲ. ಮ್ಯಾಪ್ ಫೈಲ್ ನೋಡಿಕೊಂಡು, ಓದಲಾಗದ ಜಾಗಗಳಲ್ಲಿ ಮಾತ್ರ ನಾವು ಕೊಟ್ಟ ಗುರುತಿನ ಪದವನ್ನು ಇಮೇಜ್‌ನೊಳಗೆ ತುಂಬುತ್ತದೆ. ಬೇರೆಲ್ಲೂ ಬರಲಾರದಂಥ ಒಂದು ಪದ ಕೊಟ್ಟು, ಆಮೇಲೆ ಮೌಂಟ್ ಮಾಡಿದ ಎಲ್ಲಾ ಕಡತಗಳಲ್ಲಿ ಆ ಪದ ಹುಡುಕಿಸಿದೆ. ಎರಡು ಕಡತ ಸಿಕ್ಕವು. ಒಂದು ವಿಡಿಯೋ, ಅದರಲ್ಲಿ ಮೂರು ತುಂಡು. ಒಂದು ಫೋಟೋ, ಅದರಲ್ಲಿ ಒಂದು. ಉಳಿದೆರಡು ಯಾವ ಕಡತಕ್ಕೂ ಸೇರದ ಖಾಲಿ ಜಾಗದಲ್ಲಿದ್ದವು.

ಫೋಟೋ ತೆರೆದರೆ ಮೇಲಿನ ಮೂರನೇ ಒಂದು ಭಾಗ ಸ್ಪಷ್ಟ. ಅಲ್ಲಿಂದ ಕೆಳಗೆ ಚಿತ್ರ ಪಕ್ಕಕ್ಕೆ ಜರುಗಿ, ಬಣ್ಣ ಹಸಿರು ನೇರಳೆಗೆ ತಿರುಗಿದೆ. ಜೆಪೆಗ್‌ನಲ್ಲಿ ಪ್ರತಿ ತುಂಡೂ ಹಿಂದಿನದರ ಲೆಕ್ಕದ ಮೇಲೆ ನಿಲ್ಲುವುದರಿಂದ ನಡುವೆ 4096 ಬೈಟ್ ಹೋದರೂ ಅಲ್ಲಿಂದಾಚೆ ಎಲ್ಲಾ ಹದಗೆಡುತ್ತದೆ. ವಿಡಿಯೋ ಅಷ್ಟು ಕೆಟ್ಟಿರಲಿಲ್ಲ, ಒಂದು ಕಡೆ ಚೌಕಚೌಕವಾಗಿ ಒಡೆದು ಮತ್ತೆ ಸರಿಯಾಗುತ್ತದೆ.

ಎರಡೂ ಕಡತಗಳ ತಾರೀಖು ನೋಡಿದೆ. ಎರಡೂ ಯಂತ್ರ ತಾನಾಗಿ ರೀಸ್ಟಾರ್ಟ್ ಆಗಲು ಶುರುವಾದ ಮೇಲಿನವು. ಮಾಲೀಕರಿಗೆ ಕೇಳಿದರೆ, "ಹೌದು, ಮೊಬೈಲಿಂದ ಹಾಕ್ತಾ ಇದ್ದಾಗ ಆಫ್ ಆಗಿ ಆನ್ ಆಯ್ತು" ಅಂದರು. ಮೊಬೈಲಿನಲ್ಲಿ ಮೂಲ ಇನ್ನೂ ಇತ್ತು, ಎರಡೂ ಅಲ್ಲಿಂದ ಸಿಕ್ಕವು.

ಹಳೆಯ ಅನುಮಾನಕ್ಕೆ ಇದು ಉತ್ತರ. ಡಿಸ್ಕ್ ಒಂದು ಸೆಕ್ಟರ್ ಬರೆಯುವಾಗ ಡೇಟಾದ ಜೊತೆ ತಪ್ಪು ಹಿಡಿಯುವ ಸಂಕೇತವನ್ನೂ ಬರೆಯುತ್ತದೆ. ಬರೆಯುತ್ತಿರುವಾಗಲೇ ವೋಲ್ಟೇಜ್ ಕುಸಿದರೆ ಡೇಟಾಕ್ಕೂ ಸಂಕೇತಕ್ಕೂ ತಾಳೆಯಾಗದೆ ಉಳಿಯುತ್ತದೆ. ಆಮೇಲೆ ಓದಲು ಹೋದರೆ ಬ್ಯಾಡ್ ಸೆಕ್ಟರ್ ಅಂತ ಕಾಣುತ್ತದೆ, ಮೇಲ್ಮೈಗೆ ಏನೂ ಆಗಿರುವುದಿಲ್ಲ. ಇದು ನಿಜವಾದರೆ ಅಲ್ಲಿ ಹೊಸದಾಗಿ ಬರೆದರೆ ಸರಿಹೋಗಬೇಕು. ಕಡತಗಳೆಲ್ಲ ಎರಡು ಕಡೆ ಕಾಪಿಯಾಗಿ, ಮಾಲೀಕರು ತೆರೆದು ನೋಡಿ ಒಪ್ಪಿದ ಮೇಲೆ ಹಳೆ ಡಿಸ್ಕ್ ತುಂಬಾ ಸೊನ್ನೆ ಬರೆಸಿದೆ. ಸ್ಮಾರ್ಟ್ ಮತ್ತೆ ನೋಡಿದರೆ 197ನೇ ಸಾಲು 48ರಿಂದ 0. 5ನೇ ಸಾಲು ಮೊದಲಿನಂತೆಯೇ 0, ಒಂದು ಜಾಗಕ್ಕೂ ಬದಲಿ ಬೇಕಾಗಿಲ್ಲ. ದೀರ್ಘ ತಪಾಸಣೆಯೂ ತಪ್ಪಿಲ್ಲದೆ ಮುಗಿಯಿತು.

ಆದರೂ ಆ ಡಿಸ್ಕನ್ನು ಎರಡನೆಯ ಕಾಪಿ ಇಡಲು ಮಾತ್ರ ಕೊಟ್ಟಿದ್ದೇನೆ. ಕೆಟ್ಟ ಎಸ್‌ಎಂಪಿಎಸ್ ಜೊತೆ ವಾರಗಟ್ಟಲೆ ಬದುಕಿದ ಡಿಸ್ಕ್ ಅದು. ಒಂದೇ ಪ್ರತಿ ಇರುವ ಕಡತ ಅದರಲ್ಲಿ ಬೇಡ ಅಂತ ಹೇಳಿದ್ದೇನೆ.

ವಾಪಸ್ ಜೋಡಿಸಿದ್ದು

ಹೊಸ ಎಸ್‌ಎಂಪಿಎಸ್‌ಗೆ ಅದರ ಜೊತೆ ಬಂದ ಕೇಬಲ್‌ಗಳನ್ನೇ ಹಾಕಿದೆ. ಹಳೆಯದು ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದದ್ದು) ಆಗಿತ್ತು, ಅದರ ಸಾಟಾ ಕೇಬಲ್ ಹೊಸದಕ್ಕೆ ಸಲೀಸಾಗಿ ಕೂರುತ್ತಿತ್ತು ಕೂಡ. ಕೂರುತ್ತದೆ ಅನ್ನುವುದೇ ಅಪಾಯ. ಡಿಸ್ಕ್ ಕಡೆಯ ಪಿನ್‌ಗಳಿಗೆ ನಿಗದಿತ ಕ್ರಮ ಇದೆ, ಎಸ್‌ಎಂಪಿಎಸ್ ಕಡೆಯ ಪಿನ್‌ಗಳಿಗೆ ಇಲ್ಲ, ತಯಾರಕರು ತಮಗೆ ತೋಚಿದಂತೆ ಮಾಡುತ್ತಾರೆ. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋದರೆ ಇಷ್ಟೆಲ್ಲ ಮಾಡಿ ಉಳಿಸಿದ ಡಿಸ್ಕ್ ಒಂದೇ ಕ್ಷಣದಲ್ಲಿ ಸುಡುತ್ತದೆ. ಹಳೆ ಕೇಬಲ್‌ಗಳನ್ನು ಹಳೆ ಎಸ್‌ಎಂಪಿಎಸ್‌ಗೇ ಕಟ್ಟಿ ಇ-ತ್ಯಾಜ್ಯದ ಡಬ್ಬಕ್ಕೆ ಹಾಕಿದೆ.

ಎಸ್‌ಎಸ್‌ಡಿಯಿಂದ ವಿಂಡೋಸ್ ಮೊದಲ ಸಲಕ್ಕೇ ಎದ್ದಿತು. ಡೇಟಾಗೆ ಹೊಸ ಹಾರ್ಡ್ ಡಿಸ್ಕ್, ಅದಕ್ಕೆ ಮೊದಲಿನ ಡಿ ಅನ್ನುವ ಅಕ್ಷರವನ್ನೇ ಕೊಟ್ಟದ್ದರಿಂದ ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್‌ಗಳೆಲ್ಲ ಹಾಗೇ ಕೆಲಸ ಮಾಡಿದವು. ಭಾರ ಹಾಕಿ ಓಡಿಸುತ್ತಾ ಅಳೆದಾಗ 12 ವೋಲ್ಟ್ ಲೈನ್ 12.04, 5 ವೋಲ್ಟ್ ಲೈನ್ 5.02. ವಿಂಡೋಸ್ 10ಕ್ಕೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ, ಆ ವಿಷಯ ಮಾಲೀಕರಿಗೆ ತಿಳಿಸಿದ್ದೇನೆ. ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ.

ಬಾಕಿ ಉಳಿದದ್ದು ಮುಂದಿನ ಒಂದು ಯುಎಸ್‌ಬಿ ಪೋರ್ಟ್. ಒಳಗಿನ ಪ್ಲಾಸ್ಟಿಕ್ ನಾಲಿಗೆ ಮುರಿದು ಪಿನ್‌ಗಳು ಒಂದಕ್ಕೊಂದು ತಾಗುವಂತಿವೆ. ಬೋರ್ಡಿನಿಂದ ಅದರ ಕೇಬಲ್ ಕಿತ್ತು, ಮೇಲೆ ಟೇಪ್ ಅಂಟಿಸಿದ್ದೇನೆ.